ಕಾಶ್ಯಪ ಗೋತ್ರದ ಕುಸುಮ

ಪ್ಯಾರಿಸ್ಸಿನ ಕೆಂಪು ಮಣ್ಣಿನ ಟೂರ್ನಿಯಲ್ಲಿ ಮಹಿಳಾ ಸಿಂಗಲ್ಸ್ ಪ್ರಶಸ್ತಿ ಯಾರಿಗೆ ಹೋಗಬೇಕೆಂದು ತೀರ್ಮಾನಿಸುವವರು ಪ್ಯಾರಿಸ್ಸಿನಲ್ಲಿದ್ದಾರೆ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ಅವರು ಇರುವುದು ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಕೆಟ್ಟು ನಿಂತ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ, ಮಂಡಿಗೆ ನೋವಿನೆಣ್ಣೆ ಹಚ್ಚಿಕೊಂಡು. ಅವರೇ ನಮ್ಮತ್ತೆ! ಅವರ ತೀರ್ಮಾನವನ್ನು ಪ್ಯಾರಿಸ್ಸಿನವರು ಇದುವರೆಗೆ ಒಂದು ಸಲವೂ ಪಾಲಿಸಿಲ್ಲ ಎನ್ನುವುದು ಬೇರೆ ಮಾತು.

ಹಾಗಾದರೆ ಅತ್ತೆಗೆ ಟೆನಿಸ್ ಬರುತ್ತದೆಯೇ? ಎಲ್ಲಿಂದ ಬರಬೇಕು! ಅವರು ಕೈಯಲ್ಲಿ ಹಿಡಿದ ಏಕೈಕ ರ‍್ಯಾಕೆಟ್ಟು ಸೊಳ್ಳೆ ಹೊಡೆಯುವುದು. ಆಟದ ಲೆಕ್ಕವಂತೂ ಅವರ ಪಾಲಿಗೆ ದೊಡ್ಡ ಮೋಸ.

"ಹದಿನೈದು ಆಯ್ತು, ಮೂವತ್ತು ಆಯ್ತು, ಮತ್ತೆ ನಲವತ್ತೈದಲ್ವಾ? ಅದೆಂತ ನಲವತ್ತು? ಉಳಿದ ಐದು ಯಾರು ತಿಂದದ್ದು?"

"ಅದು ಹಾಗೇ ಅತ್ತೆ, ಅವರ ಪದ್ಧತಿ."

"ಎಂತ ಪದ್ಧತಿ ಮಾರಾಯ್ತಿ! ನಮ್ಮ ಹೋಟೆಲಲ್ಲಿ ಯಾರಾದ್ರೂ ಹೀಗೆ ಲೆಕ್ಕ ಹೇಳಿದ್ರೆ ನಿನ್ನ ಮಾವ ಅವತ್ತೇ ಊರಿಗೆ ಬಸ್ಸು ಹತ್ತಿಸ್ತಿದ್ರು."

ಮಾವನ ಹೆಸರು ಬಂದದ್ದರಿಂದ ಇಲ್ಲಿ ಒಂದು ಮಾತು ಹೇಳಲೇಬೇಕು. ಮಾವ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಉಡುಪಿ ಹೋಟೆಲ್ ನಡೆಸುತ್ತಿದ್ದರು. ಒಂದು ಬೆಳಿಗ್ಗೆ, ಹೋಟೆಲಿಗೆ ಹೊರಡುವ ಮೊದಲು, ಕುರ್ಚಿಯಲ್ಲಿ ಕೂತವರು ಕೂತ ಹಾಗೆಯೇ ಹೋಗಿಬಿಟ್ಟರು. ಅತ್ತೆ ಅಳಲಿಲ್ಲ. ಅಳುವುದು ಹಾಗಿರಲಿ, ಅವರ ಮಾತೇ ನಿಂತುಹೋಯಿತು. ನೀರಿನ ಟ್ಯಾಂಕರಿನವನಿಂದ ಹಿಡಿದು ಸೊಸೈಟಿಯ ಸೆಕ್ರೆಟರಿಯವರೆಗೆ ಎಲ್ಲರ ಬಾಯಿ ಮುಚ್ಚಿಸುತ್ತಿದ್ದ ಹೆಂಗಸು ತಿಂಗಳುಗಟ್ಟಲೆ ತಲೆ ಆಡಿಸುವುದರಲ್ಲೇ ದಿನ ಕಳೆದರು. "ಊಟ ಬಡಿಸಲಾ ಅತ್ತೆ?" ಅಂದರೆ ತಲೆ ಆಡಿಸಿದರು. "ಊರಿಗೆ ಹೋಗಿ ಬರೋಣವಾ?" ಅಂದರೂ ತಲೆ ಆಡಿಸಿದರು. ಪಕ್ಕದ ಠಾಣೆ ಪಟ್ಟಣದ ಡಾಕ್ಟರೊಬ್ಬರಿಗೆ ತೋರಿಸಿದೆವು. ದೇಹದಲ್ಲಿ ಏನೂ ತೊಂದರೆಯಿಲ್ಲ, ಸಮಯ ಕೊಡಿ ಅಂದರು. ಕೊಟ್ಟೆವು, ಆದರೆ ಮಾತು ಮಾತ್ರ ಬರಲಿಲ್ಲ. ಮನೆಯೊಳಗೆ ಮಾತಾಡದ ಒಬ್ಬರಿದ್ದರೆ ಉಳಿದವರ ಮಾತೂ ಕಡಿಮೆಯಾಗುತ್ತದೆ ಎಂದು ನನಗೆ ಆಗ ಗೊತ್ತಾಯಿತು.

ಹೀಗಿರುವಾಗ ಒಂದು ಸಂಜೆ ನನ್ನ ಮಗಳು ಟಿವಿಯ ಚಾನೆಲ್ ತಿರುಗಿಸುತ್ತ ಕೂತಿದ್ದಳು. ಎಲ್ಲೋ ಒಂದು ಕಡೆ ಕೆಂಪು ಅಂಗಳ ಕಾಣಿಸಿತು.

"ಇದು ನಮ್ಮೂರಿನ ಮಣ್ಣಿನ ಹಾಗೇ ಉಂಟಲ್ಲ" ಎಂದಿತು ಒಂದು ದನಿ.

ನಾವು ಮೂವರೂ ಹಂದಾಡಲಿಲ್ಲ. ನನ್ನ ಗಂಡ ಬಾಯಿಗಿಟ್ಟ ಚಕ್ಕುಲಿಯನ್ನು ಕಡಿಯಲೂ ಇಲ್ಲ. ತೆರೆಯ ಮೇಲೆ, ಆಗಷ್ಟೇ ಸೋತ ಒಬ್ಬ ಹುಡುಗಿ ತಲೆಯ ಮೇಲೆ ಟವೆಲ್ ಹಾಕಿಕೊಂಡು ಬಿಕ್ಕುತ್ತಿದ್ದಳು.

"ಪಾಪ, ಅವಳೆಂತಕ್ಕೆ ಅಳುದು? ಜೊತೆಗೆ ಅಮ್ಮ ಬರ್ಲಿಲ್ವಾ?"

ನನ್ನ ಗಂಡ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ನನಗೆ ಕೇಳಿಸಿತು. ಮರುದಿನವೇ ನಮ್ಮ ಮನೆಗೆ ಎಲ್ಲ ಸ್ಪೋರ್ಟ್ಸ್ ಚಾನೆಲ್ಲುಗಳೂ ಬಂದವು. ಅತ್ತೆಯ ಮಾತನ್ನು ತಿರುಗಿ ಕೊಟ್ಟ ಹುಡುಗಿ ಅವಳು, ದೇವರು ಅವಳನ್ನು ಚೆನ್ನಾಗಿಟ್ಟಿರಲಿ ಎಂದು ನಾವೆಲ್ಲ ಹಾರೈಸಿದೆವು. ಆದರೆ ಆ ಹುಡುಗಿಯ ಮುಖ್ಯ ಕಸುಬೇ ಸೋಲುವುದು ಎಂದು ಆಗ ಯಾರಿಗೆ ಗೊತ್ತಿತ್ತು!

ಅವಳ ನಿಜವಾದ ಹೆಸರು ಉಸಿರು ಕಟ್ಟಿಸುವಷ್ಟು ಉದ್ದ. ಅದರಲ್ಲಿ ಸ್ವರಗಳ ಬರಗಾಲ ಬೇರೆ. ಅತ್ತೆ ಒಂದೆರಡು ಸಲ ಪ್ರಯತ್ನಿಸಿ, ಹಲ್ಲಿನ ಸೆಟ್ಟು ಅಲ್ಲಾಡಿದಂತಾಗಿ, "ಇವಳು ನಮಗೆ ಕುಸುಮ" ಎಂದು ನಾಮಕರಣ ಮುಗಿಸಿದರು. ಎದುರಾಳಿಗಳಿಗೂ ಹೆಸರುಗಳಾದವು. ಒಬ್ಬಳು ಉದ್ದಕೈಯವಳು, ಒಬ್ಬಳು ಕಿರುಚುವವಳು. ಇನ್ನೊಬ್ಬಳು "ಆ ಸೆಕ್ರೆಟರಿಯ ಹೆಂಡತಿಯ ಮೂತಿಯವಳು". ಕುಸುಮ ಗೆದ್ದರೆ ಮನೆಯಲ್ಲಿ ಪತ್ರೊಡೆ, ಅಕ್ಕಪಕ್ಕದವರಿಗೂ ಒಂದೊಂದು ತಟ್ಟೆ. ಸೋತರೆ ಅತ್ತೆಯ ಬಾಯಿಗೆ ಮತ್ತೆ ಬೀಗ. ಮೊದಮೊದಲು ಒಂದು ದಿನ ಮಾತಾಡುತ್ತಿರಲಿಲ್ಲ. ಆಮೇಲೆ ಅದು ಎರಡು ದಿನವಾಯಿತು, ವಾರವಾಯಿತು. ಪ್ರತಿ ಸೋಲಿಗೂ ಮೌನ ಸ್ವಲ್ಪ ಸ್ವಲ್ಪ ಉದ್ದವಾಗುತ್ತಿತ್ತು. ಒಂದು ಸಲ ಹೀಗೆಯೇ ಹೋದವರು ಮರಳಿ ಬಾರದಿದ್ದರೆ? ಈ ಭಯ ನಮ್ಮ ಮನೆಯಲ್ಲಿ ಎಲ್ಲರಿಗೂ ಇತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕುಸುಮ ಗೆಲ್ಲುವುದು ಕುಸುಮಳಿಗಿಂತ ನಮಗೆ ಜರೂರಾಗಿತ್ತು.

ಹಾಗಾಗಿ ಪಂದ್ಯದ ಹೊತ್ತಿಗೆ ಅತ್ತೆ ಮಾಡಿದ ಕಾನೂನುಗಳನ್ನೆಲ್ಲ ನಾವು ಬಾಯ್ಮುಚ್ಚಿಕೊಂಡು ಪಾಲಿಸಿದೆವು. ಒಮ್ಮೆ ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಾಗ ಕುಸುಮ ಒಂದು ಸೆಟ್ಟು ಗೆದ್ದುಬಿಟ್ಟಳು. ಮುಗಿಯಿತು! ಅಂದಿನಿಂದ ಪ್ರತಿ ಪಂದ್ಯಕ್ಕೂ ನನ್ನ ಜಾಗ ಅಡುಗೆಮನೆಯ ಹೊಸ್ತಿಲು, ನನ್ನ ಆಯುಧ ಅದೇ ಸೌಟು. ಆಫೀಸಿನಿಂದ ಕಲ್ಯಾಣ್ ಲೋಕಲ್‌ನಲ್ಲಿ ಒಂಟಿ ಕಾಲಲ್ಲಿ ನಿಂತು ಬಂದವಳು ಮನೆಯಲ್ಲೂ ನಿಂತೇ ಇರಬೇಕು. ನನ್ನ ಗಂಡನ ಪಾಡು ಇನ್ನೂ ಘೋರ. ಅವರು ಬಚ್ಚಲಿಗೆ ಹೋಗಿದ್ದಾಗ ಕುಸುಮ ಸತತವಾಗಿ ಗೇಮುಗಳನ್ನು ಗೆದ್ದಳು. ಹೊರಬಂದ ಕೂಡಲೇ ಒಂದು ಕಳೆದುಕೊಂಡಳು.

"ಹೋಗು, ಹೋಗು, ಒಳಗೆ ಹೋಗು!" ಎಂದು ಅತ್ತೆ ಕೂಗಿದರು.

"ಅಮ್ಮ, ನನ್ನ ಕೆಲಸ ಆಯ್ತು."

"ಅವಳ ಕೆಲಸ ಆಗ್ಲಿಲ್ಲ! ಹೋಗು!"

ಪಾಪದ ಮನುಷ್ಯ ಮೂರನೇ ಸೆಟ್ಟನ್ನು ಪೂರ್ತಿಯಾಗಿ ಬಚ್ಚಲಲ್ಲಿ, ಬಕೆಟ್ ಬೋರಲು ಹಾಕಿಕೊಂಡು ಕೂತು ಕಳೆದರು. "ಅಜ್ಜಿ, ಯೇ ಸಬ್ ಸೂಪರ್‌ಸ್ಟಿಷನ್ ಹೈ ನಾ" ಎಂದು ಮಗಳು ಹಿಂದಿಯಲ್ಲಿ ಬುದ್ಧಿ ಹೇಳಹೋಗಿ, "ನೀನು ಬಾಯಿ ತೆರೆದದ್ದಕ್ಕೆ ನೋಡು, ಬಾಲು ಬಲೆಗೆ ಬಿತ್ತು" ಎಂದು ಕನ್ನಡದಲ್ಲಿ ಬೈಸಿಕೊಂಡಳು. ಅಷ್ಟೆಲ್ಲ ಮಾಡಿಯೂ ಕುಸುಮ ಸೋತಳು.

ಮನುಷ್ಯ ಪ್ರಯತ್ನ ಸಾಲದು ಎಂದು ಅತ್ತೆಗೆ ಖಾತ್ರಿಯಾದದ್ದು ಕುಸುಮ ಫೈನಲ್ ತಲುಪಿದ ವರ್ಷ. ಹೌದು, ತಲುಪಿದಳು! ಎದುರಿಗೆ ಉದ್ದಕೈಯವಳು. ಶನಿವಾರ ಸಂಜೆ ಪಂದ್ಯ. ಬೆಳಿಗ್ಗೆಯೇ ಅತ್ತೆ ನನ್ನನ್ನು ಎಳೆದುಕೊಂಡು ನಮ್ಮವರ ದೇವಸ್ಥಾನಕ್ಕೆ ಹೋದರು. ಅಲ್ಲಿನ ಭಟ್ಟರು ಬಾರ್ಕೂರು ಕಡೆಯವರು, ಒಳ್ಳೆಯ ಮನುಷ್ಯ. ಪೂಜೆಗೆ ಸಂಕಲ್ಪ ಮಾಡಬೇಕಲ್ಲ, "ಯಾರ ಹೆಸರಲ್ಲಿ ಅಮ್ಮಾ?" ಎಂದು ಕೇಳಿದರು.

"ನಮ್ಮ ಹುಡುಗಿಯೊಬ್ಬಳದ್ದು. ಪ್ಯಾರಿಸ್ಸಿನಲ್ಲಿ ಇದ್ದಾಳೆ. ಇವತ್ತು ಅವಳಿಗೆ ದೊಡ್ಡ ಪರೀಕ್ಷೆ."

"ಗೋತ್ರ?"

ಅತ್ತೆ ನನ್ನ ಮುಖ ನೋಡಿದರು. ನಾನು ದೇವರ ಮುಖ ನೋಡಿದೆ.

"ಗೋತ್ರ ಗೊತ್ತಿಲ್ಲದಿದ್ರೆ ಕಾಶ್ಯಪ ಅಂತ ಹೇಳುದು, ಕ್ರಮ ಉಂಟು" ಎಂದು ಭಟ್ಟರೇ ದಾರಿ ತೋರಿಸಿದರು. ಹೀಗೆ ಯುರೋಪಿನ ಯಾವುದೋ ಚಳಿಯ ಊರಲ್ಲಿ ಹುಟ್ಟಿದ ಕುಸುಮ ಡೊಂಬಿವಲಿಯಲ್ಲಿ ಕಾಶ್ಯಪ ಗೋತ್ರಕ್ಕೆ ಸೇರಿದಳು. ಹುಟ್ಟಿದ ದಿನವನ್ನು ಮಗಳು ಮೊಬೈಲಿನಲ್ಲಿ ಹುಡುಕಿ ಕಳಿಸಿದ್ದಳು. ಭಟ್ಟರು ಲೆಕ್ಕ ಹಾಕಿ, "ಆಶ್ಲೇಷಾ. ಅತ್ತೆಗೆ ಕಂಟಕ" ಎಂದು ದನಿ ತಗ್ಗಿಸಿದರು.

"ಅವಳಿಗೆ ಮದುವೆಯೇ ಆಗ್ಲಿಲ್ಲ ಭಟ್ರೇ. ಅತ್ತೆಯೇ ಇಲ್ಲದ ಮೇಲೆ ಕಂಟಕ ಯಾರಿಗೆ?"

ಯಾರಿಗೆಂದು ನನಗೆ ಗೊತ್ತಿತ್ತು.

ಕೊನೆಗೆ ಹೆಸರಿನ ಸರದಿ ಬಂತು. ಕುಸುಮ ಎನ್ನಲೇ ಎಂದು ಭಟ್ಟರು ಕೇಳಿದರೆ ಅತ್ತೆ ಒಪ್ಪಲಿಲ್ಲ. "ಅದು ನಾವು ಮನೆಯಲ್ಲಿ ಕರೆಯುದು. ದೇವರ ಹತ್ರ ಸುಳ್ಳು ಹೆಸರು ಹೇಳ್ಲಿಕ್ಕಾಗ್ತದಾ?" ಭಟ್ಟರು ನನ್ನ ಮೊಬೈಲನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಕಾಶ್ಯಪ ಗೋತ್ರ, ಆಶ್ಲೇಷಾ ನಕ್ಷತ್ರ, ಕರ್ಕಾಟಕ ರಾಶಿ ಎಲ್ಲ ಸರಾಗವಾಗಿ ಹರಿಯಿತು. ಹೆಸರಿನ ಜಾಗ ಬಂದಾಗ ನಾಲಿಗೆ ತೊಡರಿತು. ಭಟ್ಟರು ಒಂದು ಕ್ಷಣ ತಡೆದು, ಜೋರಾಗಿ ಗಂಟೆ ಬಾರಿಸಿ, ಆ ಸದ್ದಿನಲ್ಲೇ ಹೆಸರನ್ನು ದಾಟಿಬಿಟ್ಟರು!

ಸಂಜೆ ಕುಸುಮ ಸೋತಳು. ಗೆಲುವಿಗೆ ಒಂದೇ ಒಂದು ಅಂಕ ಬಾಕಿಯಿದ್ದಾಗ ಚೆಂಡನ್ನು ಹೊರಗೆ ಹೊಡೆದು, ಅಲ್ಲಿಂದ ಜಾರಿ ಜಾರಿ ಸೋತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅತ್ತೆ ಕೂತಲ್ಲೇ ಕಲ್ಲಾದರು. ಆದರೆ ಎರಡು ದಿನ ಕಳೆದ ಮೇಲೆ ಅವರ ತಲೆಯಲ್ಲಿ ಏನು ಹೊಳೆಯಿತೋ, ಉದ್ದಕೈಯವಳ ಹುಟ್ಟಿದ ದಿನವನ್ನೂ ಹುಡುಕೆಂದು ಮೊಮ್ಮಗಳಿಗೆ ಸನ್ನೆ ಮಾಡಿದರು. ನನ್ನನ್ನು ಮತ್ತೆ ದೇವಸ್ಥಾನಕ್ಕೆ ಎಳೆದರು. ಭಟ್ಟರು ಲೆಕ್ಕ ಹಾಕಿದರು, ಬೆವರಿದರು. ಅವಳದ್ದೂ ಆಶ್ಲೇಷಾ ನಕ್ಷತ್ರವೇ! ಗೋತ್ರ? ಗೊತ್ತಿಲ್ಲದವರೆಲ್ಲರೂ ಕಾಶ್ಯಪರೇ ತಾನೇ!

ಅತ್ತೆಯ ಮೌನ ಅಲ್ಲೇ, ಗರ್ಭಗುಡಿಯ ಎದುರೇ ಮುರಿಯಿತು. "ಭಟ್ರೇ, ಪಾರ್ಸೆಲ್ಲಿನ ಮೇಲೆ ಬಿಲ್ಡಿಂಗ್ ಬರೆದ್ರಿ, ಮಾಳಿಗೆ ಬರೆದ್ರಿ, ಹೆಸರು ಬರೀಲಿಲ್ಲ. ಪೂಜೆ ಪಕ್ಕದ ಮನೆಗೆ ಹೋಗಿ ಮುಟ್ಟಿತು!"

"ಅಮ್ಮಾ, ದೇವರಿಗೆ ಎಲ್ಲ ಗೊತ್ತಾಗ್ತದೆ."

"ಗೊತ್ತಾಗಿದ್ರೆ ಇವಳೆಂತಕ್ಕೆ ಸೋತದ್ದು?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮುಂದಿನ ವರ್ಷ ಭಟ್ಟರು ಪ್ರಾಯಶ್ಚಿತ್ತದಂತೆ ನನ್ನ ಮಗಳ ಬಳಿ ಕೂತು ಆ ಹೆಸರನ್ನು ಕಲಿತರು. ವಾರಗಟ್ಟಲೆ ಉರುಹೊಡೆದು, ಸಂಕಲ್ಪದಲ್ಲಿ ಅದನ್ನು ಎಷ್ಟು ಸ್ಪಷ್ಟವಾಗಿ ಹೇಳಿದರೆಂದರೆ ಪ್ಯಾರಿಸ್ಸಿನ ಅಂಪೈರೂ ನಾಚಬೇಕು. ಆ ವರ್ಷ ಕುಸುಮ ಮೊದಲ ಸುತ್ತಿನಲ್ಲೇ ಸೋತಳು.

ಆಮೇಲಿನದನ್ನು ಏನು ಹೇಳಲಿ? ಒಮ್ಮೆ ಮೊಣಕೈ, ಒಮ್ಮೆ ಸೊಂಟ, ಒಮ್ಮೆ ಹಿಮ್ಮಡಿ. ಕುಸುಮಳ ಒಂದೊಂದೇ ಅಂಗ ಕೈಕೊಡುತ್ತ ಬಂತು, ಅತ್ತೆ ಇಲ್ಲಿ ತಮ್ಮ ಅದೇ ಅಂಗಕ್ಕೆ ಎಣ್ಣೆ ತಿಕ್ಕಿಕೊಂಡರು. ಕಳೆದ ಬೇಸಿಗೆಯಲ್ಲಿ ಬಂದ ಸುದ್ದಿಯಂತೂ ನಮ್ಮ ಎದೆಯನ್ನೇ ಒಡೆಯಿತು. ಇದೇ ತನ್ನ ಕೊನೆಯ ಟೂರ್ನಿ, ಇದರ ನಂತರ ಆಡುವುದಿಲ್ಲ ಎಂದು ಕುಸುಮ ಹೇಳಿಬಿಟ್ಟಳು. ನನ್ನ ಗಂಡ ಅದನ್ನು ಮೊಬೈಲಿನಲ್ಲಿ ಓದಿ, ಅಡುಗೆಮನೆಗೆ ಬಂದು, ಬಾಗಿಲು ಮುಂದೆ ಮಾಡಿ, "ಇನ್ನು ಅಮ್ಮನಿಗೆ ಏನು ತೋರಿಸುವುದು?" ಎಂದು ಕೇಳಿದರು. ಮುಂದಿನ ಸಲ ಎಂದು ಹೇಳಿ ಸಮಾಧಾನಪಡಿಸಲು ಇನ್ನು ಮುಂದಿನ ಸಲವೇ ಇಲ್ಲವಲ್ಲ!

ಅವಳ ಎರಡನೇ ಸುತ್ತಿನ ಪಂದ್ಯದ ದಿನವೇ ಸೀವುಡ್ಸ್‌ನಲ್ಲಿ ನಮ್ಮ ನೆಂಟರ ಮಗುವಿನ ನಾಮಕರಣ. ಆ ಪಂದ್ಯ ಯಾವುದೋ ಮೂಲೆಯ ಅಂಗಳದಲ್ಲಂತೆ, ಟಿವಿಯಲ್ಲಿ ತೋರಿಸುವುದೂ ಇಲ್ಲವಂತೆ. ಒಂದು ಕಾಲದಲ್ಲಿ ಫೈನಲ್ ಆಡಿದವಳಿಗೆ ಈ ಗತಿ! ಊಟ ತಡವಾಗಿ, ನಾನೂ ಅತ್ತೆಯೂ ಠಾಣೆಗೆ ಬಂದು ಗಾಡಿ ಬದಲಿಸುವ ಹೊತ್ತಿಗೆ ಸಂಜೆಯ ಗರ್ದಿ ಶುರುವಾಗಿತ್ತು. ಸಿಕ್ಕಿದ್ದು ಅಂಬರನಾಥದ ಸ್ಲೋ ಲೋಕಲ್. ಲೇಡೀಸ್ ಡಬ್ಬಿಯಲ್ಲಿ ಯಾರೋ ಪುಣ್ಯಾತ್ಗಿತ್ತಿ ಅತ್ತೆಗೆ ಮೂವರ ಬೆಂಚಿನ ತುದಿಯ ನಾಲ್ಕನೇ ಸೀಟು ಬಿಟ್ಟುಕೊಟ್ಟಳು, ಅರ್ಧ ಕೂತರೆ ಅರ್ಧ ಗಾಳಿಯಲ್ಲಿ. ನಾನು ಎದುರು ನಿಂತು ಮೊಬೈಲಿನಲ್ಲಿ ಅಂಕಗಳನ್ನು ನೋಡುತ್ತ ಹೇಳತೊಡಗಿದೆ.

"ಎಂತಾಯ್ತು? ಹೇಗಿದ್ದಾಳೆ?"

"ಕಷ್ಟ ಇದೆ ಅತ್ತೆ."

"ಉಳೀತಾಳಾ?"

"ಸ್ವಲ್ಪ ಚೇತರಿಸಿಕೊಂಡಿದ್ದಾಳೆ. ಇಲ್ಲ ಇಲ್ಲ, ಮತ್ತೆ ಹೋಯ್ತು."

"ಅಯ್ಯೋ ದೇವ್ರೇ, ಕುಸುಮಾ!"

ಅತ್ತೆಯ ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಮರಾಠಿ ಹೆಂಗಸಿನ ಕೈ ನಿಂತಿತು. "ಕಾಯ್ ಝಾಲಂ ಆಜೀ? ಕೋಣ್ ಆಜಾರೀ ಆಹೇ?" ಎಂದು ಕೇಳಿದಳು. ಯಾರಿಗೋ ಆಸ್ಪತ್ರೆಯಲ್ಲಿ ಪ್ರಾಣಕ್ಕೆ ಬಂದಿದೆ ಎಂದೇ ಅವಳು ತಿಳಿದಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಸುದ್ದಿ ಡಬ್ಬಿಯ ಆ ತುದಿಗೆ ಮುಟ್ಟಿತು. ಒಬ್ಬಳು ನೀರಿನ ಬಾಟಲಿ ಕೊಟ್ಟಳು, ಒಬ್ಬಳು ಬ್ಯಾಗಿನಿಂದ ವಿಭೂತಿ ತೆಗೆದಳು. ಕಿಟಕಿಯ ಸೀಟು ಸಿಕ್ಕರೆ ಸ್ವಂತ ಅಕ್ಕನಿಗೂ ಬಿಡದ ಹೆಂಗಸರು ಎದ್ದು ನಿಂತು ಅತ್ತೆಯನ್ನು ಕಿಟಕಿಗೆ ಕೂರಿಸಿದರು! ಅಷ್ಟು ಮಂದಿಯ ಎದುರು, "ಅಲ್ಲಮ್ಮ, ಇದು ಟೆನಿಸ್" ಎಂದು ಹೇಳುವ ಧೈರ್ಯ ನಿಮಗಿದೆಯೇ? ನನಗಿರಲಿಲ್ಲ.

ಮುಂಬ್ರಾದ ಗುಡ್ಡದ ಬುಡಕ್ಕೆ ಬಂದಾಗ ಮೊಬೈಲಿನ ನೆಟ್‌ವರ್ಕ್ ಹೋಯಿತು. ಅಂಕಗಳು ಅಲ್ಲೇ ನಿಂತವು. ಇಡೀ ಡಬ್ಬಿ ನನ್ನ ಮೊಬೈಲನ್ನು ನೋಡುತ್ತಿತ್ತು. ದಿವಾ ಬರುವಾಗ ನೆಟ್‌ವರ್ಕ್ ಬಂತು. ಪಂದ್ಯ ಮುಗಿದಿತ್ತು.

ನನ್ನ ಮುಖ ನೋಡಿಯೇ ಅತ್ತೆಗೆ ತಿಳಿಯಿತು. "ಹೋದಳಾ?" ಎಂದರು.

"ಹೋದಳು ಅತ್ತೆ."

ನಾನು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಈಗ ಬಾಯಿಗೆ ಬೀಗ ಬೀಳುತ್ತದೆ, ಈ ಸಲ ಅದನ್ನು ತೆಗೆಯಲು ಕುಸುಮಳೂ ಬರುವುದಿಲ್ಲ. ನನಗೆ ಅತ್ತೆಯ ಮೇಲೆ ಸಿಟ್ಟು ಬಂತು, ಪ್ಯಾರಿಸ್ಸಿನ ಮೇಲೆ ಸಿಟ್ಟು ಬಂತು, ಅಳುವೂ ಬಂತು.

ಅತ್ತೆಯ ಎದುರು ನೆಲದ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕಟ್ಟಡದ ಕೆಲಸ ಮುಗಿಸಿ ಬಂದವಳು, ಸೀರೆಯ ಅಂಚಿಗೆ ಸಿಮೆಂಟು ಹತ್ತಿತ್ತು. ನಮ್ಮ ಕನ್ನಡ ಕೇಳಿಸಿಕೊಂಡಿರಬೇಕು. ಅತ್ತೆಯ ಮಂಡಿಯ ಮೇಲೆ ಕೈಯಿಟ್ಟಳು.

"ಅತ್ತ್‌ಬಿಡ್ರಿ ಯಮ್ಮಾ. ತಡಕೊಂಡ್ ಕುಂತ್ರ ಎದ್ಯಾಗ ಗಂಟ್ ಆಕ್ಕೈತಿ. ನನ್ ಗಂಡ ಸತ್ತಾಗ ನಾನೂ ಹಂಗ ಕುಂತಿದ್ದೆ."

ಅತ್ತೆ ಅವಳನ್ನೇ ನೋಡಿದರು. ಆಮೇಲೆ ಅತ್ತರು. ಮಾವ ಹೋದಾಗ ಅಳದವರು, ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅಳದವರು, ಆ ಗರ್ದಿಯಲ್ಲಿ ದನಿ ತೆಗೆದು ಅತ್ತರು. ಕೋಪರ್ ಸ್ಟೇಷನ್ ಬಂತು, ಹೋಯಿತು.

"ನಮ್ಮವರು ಕರೆದ್ರು ಮಾರಾಯ್ತಿ" ಎಂದರು ಅತ್ತೆ, ಆ ಹೆಂಗಸಿಗೆ. "ಅವತ್ತು ಬೆಳಿಗ್ಗೆ ಕುರ್ಚಿಯಲ್ಲಿ ಕೂತು, ಇಲ್ಲಿ ಬಾ, ಒಂದು ಮಾತು ಹೇಳ್ಲಿಕ್ಕುಂಟು ಅಂದ್ರು. ಹಾಲು ಉಕ್ಕಿ ಬರ್ತಾ ಇತ್ತು. ಮತ್ತೆ ಮಾತಾಡುವ, ಈಗ ಸುಮ್ಮನಿರಿ ಅಂದೆ. ಹಾಲು ಇಳಿಸಿ ಬರುವಾಗ ಇರ್ಲಿಲ್ಲ. ಎಂತ ಹೇಳ್ಲಿಕ್ಕಿತ್ತೋ! ಅವರ ಮಾತನ್ನೇ ಕೇಳ್ಲಿಲ್ಲ ನಾನು. ಇನ್ನು ನನಗೆಂತಕ್ಕೆ ಮಾತು?"

ಈ ಮಾತನ್ನು ಅವರು ಮಗನಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ.

ಡೊಂಬಿವಲಿ ಬಂತು. ಹೆಂಗಸರು ಒಬ್ಬರನ್ನೊಬ್ಬರು ತಳ್ಳಿಕೊಂಡು ಇಳಿದರು. ಇಳಿಯೋಣ ಅತ್ತೆ ಎಂದು ನಾನು ಹೇಳಲಿಲ್ಲ. ಗಾಡಿ ಹೊರಟಿತು, ಕಲ್ಯಾಣ್ ದಾಟಿತು, ಅತ್ತೆ ಮಾತು ನಿಲ್ಲಿಸಲಿಲ್ಲ. ಮಾವ ಮದುವೆಯ ಮರುದಿನವೇ ಹೋಟೆಲಿಗೆ ಹೋದದ್ದು, ಗಿರಾಕಿಗಳ ಎದುರು ನಗುವವರು ಮನೆಯಲ್ಲಿ ಮುಖ ಗಂಟಿಕ್ಕುತ್ತಿದ್ದದ್ದು, ಒಮ್ಮೆ ಯಾರಿಗೂ ತಿಳಿಯದ ಹಾಗೆ ಮಲ್ಲಿಗೆ ತಂದು ಅಕ್ಕಿ ಡಬ್ಬದಲ್ಲಿ ಇಟ್ಟದ್ದು.

ಆ ಹೆಂಗಸು ಇಳಿಯಬೇಕಾದದ್ದು ವಿಠ್ಠಲವಾಡಿಯಲ್ಲಿ. ಅವಳು ಎದ್ದಳು, ಅತ್ತೆಯೂ ಎದ್ದು ಅವಳ ಹಿಂದೆಯೇ ಇಳಿದರು, ಅವರ ಹಿಂದೆ ನಾನು. ಮೂವರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆವು.

"ಎಂತ ಹೇಳ್ಲಿಕ್ಕಿತ್ತೋ ಅವರಿಗೆ" ಎಂದರು ಅತ್ತೆ ಮತ್ತೆ.

"ಚಾ ಕೇಳಾಕ ಕರದಿರ್ತಾರ ಬಿಡ್ರಿ ಯಮ್ಮಾ" ಎಂದಳು ಅವಳು. "ಮುಂಜಾನಿ ಹೊತ್ನ್ಯಾಗ ಗಂಡಸ್ರು ಇನ್ನೇನ್ ಕೇಳ್ತಾರ?"

ಅತ್ತೆ ಬೆರಗಾಗಿ ಅವಳನ್ನು ನೋಡಿ, ಕಣ್ಣಲ್ಲಿ ನೀರು ಇಟ್ಟುಕೊಂಡೇ ನಕ್ಕರು. "ಅದೂ ಹೌದು. ಸಕ್ಕರೆ ಜಾಸ್ತಿ ಬೇಕಿತ್ತು ಅವರಿಗೆ, ನಾನು ಹಾಕ್ತಿರ್ಲಿಲ್ಲ" ಎಂದು ಮತ್ತೆ ಶುರು ಮಾಡಿದರು.

ಆಗ ನನ್ನ ಗಂಡನ ಫೋನು ಬಂತು. ಗಾಬರಿಯ ದನಿ. "ಎಲ್ಲಿದ್ದೀರಿ ನೀವು? ಕುಸುಮ ಸೋತಳಂತೆ. ಅಮ್ಮ ಹೇಗಿದ್ದಾರೆ?"

"ಮಾತಾಡ್ತಾ ಇದ್ದಾರೆ" ಎಂದೆ. ಅವರಿಗೂ ಕೇಳಲೆಂದು ಫೋನನ್ನು ಅತ್ತೆಯ ಕಡೆಗೆ ಹಿಡಿದೆ.